ಒಡೆತನವೂ ದೋಷವೂ

ಒಂದು ವಸ್ತುವು ನನ್ನದೆಂದು ಹೇಳುವಾಗ ನಾವು ಏನನ್ನು ಹೇಳುತ್ತೇವೆ? ಕ್ರಯ ಕೊಟ್ಟೆನು, ರಸೀತಿ ಪಡೆದೆನು, ಮನೆಗೆ ತಂದೆನು ಎಂಬಿಷ್ಟನ್ನೇ ಹೇಳುತ್ತೇವೆಯೋ, ಇದಕ್ಕಿಂತ ಮಿಗಿಲಾದುದನ್ನೋ? ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯ ದಾಯವಿಭಾಗದಲ್ಲಿ ಈ ಸ್ವತ್ವದ ವಿಷಯವನ್ನು ಎತ್ತಿಕೊಂಡು, ಅದು ಶಾಸ್ತ್ರದಿಂದ ಮಾತ್ರವೇ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದಲೇ ಸಿದ್ಧವಾದುದೋ ಎಂದು ದೀರ್ಘವಾಗಿ ವಾದಿಸಿದ್ದಾನೆ. ಸ್ವತ್ವವು ಲೌಕಿಕವೇ ಎಂಬುದು ಅವನ ನಿರ್ಣಯ. ಶಾಸ್ತ್ರದ ಗಂಧವೇ ಇಲ್ಲದ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ನನ್ನದು ನಿನ್ನದು ಎನ್ನುತ್ತಾರಷ್ಟೆ. ಆ ಮಹಾನುಭಾವನಿಗೆ ಎದುರಾಡುವ ಯೋಗ್ಯತೆ ನನಗಿಲ್ಲ. ಆದರೆ ಕೆಲವು ವರ್ಷಗಳಿಂದ ನನ್ನ ಮೇಜಿನ ಮೇಲಿರುವ ಒಂದು ಯಂತ್ರವು, ಈ ಲೌಕಿಕವಾದ ಒಡೆತನದೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆಯೆಂದು ತೋರಿಸಿಕೊಟ್ಟಿತು. ಅದನ್ನು ನಾನು ಕಲಿತ ಬಗೆ ನನಗೆ ಗೌರವ ತರತಕ್ಕದ್ದಲ್ಲ. ಆದರೂ ವಾಚಕರ ಮುಂದಿಡುತ್ತೇನೆ.

ಆ ಯಂತ್ರವು ವರ್ಕ್‌ಸ್ಟೇಷನ್ ಎಂಬ ಜಾತಿಗೆ ಸೇರಿದ ಲ್ಯಾಪ್‌ಟಾಪು. ಥಿಂಕ್‌ಪ್ಯಾಡ್ ಪಿ50 ಎಂದು ಅದರ ಹೆಸರು. 2015ರಲ್ಲಿ ಹೊರಬಂದ ಮಾದರಿ. ಯಾವುದೋ ದೊಡ್ಡ ಕಚೇರಿಯಲ್ಲಿ ದುಡಿದು ನಿವೃತ್ತವಾಗಿದ್ದುದನ್ನು 2021ರಲ್ಲಿ ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಯೊಂದರಿಂದ ಕೊಂಡು ಹಾಸನಕ್ಕೆ ತಂದೆನು. ತೂಕ ಎರಡೂವರೆ ಕಿಲೋಗ್ರಾಮಿನಷ್ಟು. ಅದಕ್ಕೆ ವಿದ್ಯುತ್ತನ್ನು ಊಡುವ 170 ವಾಟಿನ ಅಡಾಪ್ಟರು ಇಟ್ಟಿಗೆಯಂತಿದೆ. ಮಡಿಲ ಮೇಲಿಟ್ಟುಕೊಳ್ಳುವ ಯಂತ್ರವೆಂಬ ಹೆಸರು ಅದಕ್ಕೆ ಒಪ್ಪದು, ಮಡಿಲು ಸುಟ್ಟೀತು. ಆದರೆ ನನ್ನ ಕೆಲಸಕ್ಕೆ ಅಂಥದೇ ಬೇಕಾಗಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಉಳಿದಿರುವ ಓಲೆಗರಿಗಳ ಚಿತ್ರ ತೆಗೆದು, ಒಂದೊಂದು ಗರಿಯನ್ನೂ ಬೇರೆಬೇರೆ ಓರೆಬೆಳಕಿನಲ್ಲಿ ಹಿಡಿದ ಐದಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ಮಾಸಿದ ಅಕ್ಷರಗಳು ಕಣ್ಣಿಗೆ ಕಾಣುವಂತೆ ಮಾಡುವುದು ನನ್ನ ಸಂಜೆಯ ಉದ್ಯೋಗ. ಇದಕ್ಕೆ ಹೇರಳವಾದ ರ್‍ಯಾಮ್ ಬೇಕು. ಎಂದರೆ, ಕೆಲಸ ನಡೆಯುತ್ತಿರುವಷ್ಟು ಹೊತ್ತು ಯಂತ್ರವು ಎಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳತಕ್ಕ ಸ್ಥಳ.

ಈ ಯಂತ್ರದ ಹೆಚ್ಚುಗಾರಿಕೆಯೆಂದರೆ ಅದನ್ನು ತೆರೆಯಬಹುದು. ಯಾವ ತಿರುಪು ಎಲ್ಲಿದೆ, ಯಾವುದನ್ನು ಬಿಚ್ಚಿದ ಮೇಲೆ ಯಾವುದನ್ನು ಬಿಚ್ಚಬೇಕು ಎಂಬುದನ್ನು ತಯಾರಕರೇ ಕೈಪಿಡಿಯೊಂದರಲ್ಲಿ ಚಿತ್ರಸಹಿತವಾಗಿ ಪ್ರಕಟಿಸಿದ್ದಾರೆ. ರ್‍ಯಾಮ್‌ಗೆ ನಾಲ್ಕು ಸ್ಲಾಟುಗಳು: ಎರಡು ತಳದ ಮುಚ್ಚಳದ ಹಿಂದೆ, ಕೈಗೆ ಸುಲಭವಾಗಿ ಸಿಕ್ಕುವಂತೆ; ಎರಡು ಕೀಲಿಮಣೆಯ ಅಡಿಯಲ್ಲಿ, ಮರೆಯಾಗಿ. ಒಟ್ಟು 64 ಜಿಬಿಯವರೆಗೆ ತುಂಬಬಹುದು. ಪ್ರೊಸೆಸರನ್ನು ಮಾತ್ರ ಹಲಗೆಗೆ ಬೆಸೆದುಬಿಟ್ಟಿದ್ದಾರೆ. ಅದಕ್ಕಿಂತ ಎರಡು ವರ್ಷ ಹಿರಿಯದಾದ ಡೆಲ್ ಪ್ರಿಸಿಷನ್ ಎಂ4800ರಲ್ಲಿ ಪ್ರೊಸೆಸರನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಕಿತ್ತು ಬೇರೆಯದನ್ನು ಕೂರಿಸಬಹುದಾಗಿತ್ತು; ಇಂದಿನ ತೆಳುಯಂತ್ರಗಳಲ್ಲಿ ಅನೇಕಕ್ಕೆ ರ್‍ಯಾಮನ್ನು ಸಹ ಬೆಸೆದಿರುತ್ತಾರೆ. ತೆಳುವಾಗಿಯೂ ಇರಬೇಕು, ಕಳಚುವಂತೆಯೂ ಇರಬೇಕು ಎಂಬ ಉದ್ದೇಶದಿಂದ ಜೆಡೆಕ್ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಕ್ಯಾಮ್2 ಎಂಬ ಹೊಸ ರ್‍ಯಾಮ್ ಮಾದರಿಯನ್ನು ಪ್ರಕಟಿಸಿತು. ಅದು ಎಲ್ಲೆಡೆಯೂ ರೂಢಿಗೆ ಬರಲೆಂದು ನನ್ನಂಥವರ ಹಾರೈಕೆ. ತೆರೆಯಲಾಗದ ವಸ್ತುವು ಕೊಂಡವನದಲ್ಲ, ಮಾಡಿದವನದು ಎಂದು ಈಗ ಬಹು ಮಂದಿ ಹೇಳುತ್ತಾರೆ. ನಾನೂ ಆ ಮಾತನ್ನು ಸಭೆಗಳಲ್ಲಿ ಹೇಳಿ ಕರತಾಡನ ಪಡೆದವನೇ. ತೆರೆಯಬಲ್ಲವನು ಒಡೆಯ; ನಾನು ತೆರೆಯಬಲ್ಲೆ; ಆದುದರಿಂದ ನಾನು ಒಡೆಯ. ತರ್ಕವು ಎಷ್ಟು ನಯವಾಗಿದೆ!

2023ರಲ್ಲಿ, ಮೊದಲಿದ್ದ 16 ಜಿಬಿ ಸಾಲದಾಗಿ, ಅದೇ ಅಂಗಡಿಗೆ ಹೋಗಿ 16 ಜಿಬಿಯ ಎರಡು ಹೊಸ ರ್‍ಯಾಮ್‌ಗಳನ್ನು ತಂದು, ತಳದ ಸ್ಲಾಟುಗಳಲ್ಲಿ ನಾನೇ ಕೂರಿಸಿದೆನು. ಎರಡು ದಿನ ಸೊಗಸಾಗಿ ನಡೆಯಿತು. ಮೂರನೆಯ ಸಂಜೆಯಿಂದ, ಕೆಲಸವು ಭಾರವಾದಾಗಲೆಲ್ಲ ಯಂತ್ರವು ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿತು. ಮೆಮ್‌ಟೆಸ್ಟ್ ಎಂಬ ಪರೀಕ್ಷೆಯ ಪ್ರೋಗ್ರಾಮನ್ನು ರಾತ್ರಿಯೆಲ್ಲ ಓಡಿಸಿದೆನು. ಬೆಳಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಗೆರೆಗಳು. ಹೊಸದನ್ನು ಹಾಕಿದೆನು, ಕೆಟ್ಟಿತು. ಆದುದರಿಂದ ಹೊಸದೇ ಕೆಟ್ಟದ್ದು. ಇದಕ್ಕಿಂತ ಬೇರೆ ಸಾಕ್ಷ್ಯವು ಯಾವನಿಗೆ ಬೇಕು? ನಾಲ್ಕು ಗಂಟೆಗಳ ಕಾಲ ಬಸ್ಸಿನಲ್ಲಿ ಕುಳಿತು ಅಂಗಡಿಗೆ ಹೋದೆನು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಹದಮಾಡಿಕೊಂಡಿದ್ದೆನು. ಅಲ್ಲಿದ್ದವನು ಇಪ್ಪತ್ತು ದಾಟದ ಹುಡುಗ. ನಾನು ಹೇಳಿದ್ದನ್ನೆಲ್ಲ ಕೇಳಿ, "ಸಾರ್, ಒಂದೊಂದನ್ನೇ ಹಾಕಿ ನೋಡಿದಿರಾ?" ಎಂದನು. ಇದು ವೈದ್ಯನು ನಾಡಿ ಹಿಡಿಯುವಷ್ಟು ಸಹಜವಾದ ಪ್ರಶ್ನೆಯೆಂದು ಈಗ ತಿಳಿದಿದೆ. ಆಗ ನಾನು, "ನನಗೆ ಪಾಠ ಹೇಳುವಷ್ಟು ದೊಡ್ಡವನಾದೆಯೇನೋ? ನಕಲಿ ಮಾಲು ಮಾರುವುದಲ್ಲದೆ ಮೇಲಿಂದ ಮಾತು ಬೇರೆ!" ಎಂದೆನು. ಇತರ ಗಿರಾಕಿಗಳು ತಿರುಗಿ ನೋಡಿದರು. ಹುಡುಗನು ಮಾತಾಡದೆ ಬೇರೆ ಎರಡನ್ನು ಕೊಟ್ಟು, ನಾನು ತಂದವುಗಳನ್ನು ಗಲ್ಲಾದ ಪಕ್ಕದ ಡಬ್ಬಿಯಲ್ಲಿ ಹಾಕಿದನು.

ಬದಲಿಯಾಗಿ ತಂದವುಗಳನ್ನು ಹಾಕಿದರೂ ಕೆಂಪು ಗೆರೆಗಳು ಬಂದುವು. ಇಡೀ ಅಂಗಡಿಯೇ ಮೋಸದ್ದೆಂದು ಒಂದು ವಾರ ನಂಬಿಕೊಂಡಿದ್ದೆನು. ಅನಂತರ ದಸರೆಯ ರಜೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದ್ದರಿಂದಲೇ ಹೊರತು ನ್ಯಾಯಬುದ್ಧಿಯಿಂದಲ್ಲ, ಒಂದೊಂದನ್ನೇ ಹಾಕಿ ನೋಡಿದೆನು. ಹೊಸವೆರಡೂ ಗಂಟೆಗಟ್ಟಲೆ ನಿರ್ದೋಷವಾಗಿ ನಡೆದುವು. ಕೀಲಿಮಣೆಯನ್ನು ಬಿಚ್ಚಿ ಹಳೆಯವನ್ನು ತೆಗೆದೆನು. ಮೊದಲನೆಯದೂ ನಿರ್ದೋಷ. ಎರಡನೆಯದನ್ನು ಹಾಕಿ, ಯಂತ್ರವು ಬಿಸಿಯೇರಿದ ಮೇಲೆ ಕೆಂಪು ಗೆರೆ ಮೂಡಿತು. ದೋಷವು ಸ್ಲಾಟಿನದಿರಬಹುದೆಂದು ಅದನ್ನೇ ಬೇರೆ ಸ್ಲಾಟಿಗೆ ಬದಲಿಸಿದೆನು. ಗೆರೆಯೂ ಅದರ ಜತೆಗೇ ಹೋಯಿತು. ಹಿಂದೆ ಆ ಕೆಟ್ಟ ಕಣವಿರುವ ಜಾಗಕ್ಕೆ ನನ್ನ ಕೆಲಸವು ಅಪರೂಪವಾಗಿ ತಲುಪುತ್ತಿದ್ದಿರಬೇಕು. ಹೊಸವು ಸೇರಿ ಹಂಚಿಕೆ ಬದಲಾದಮೇಲೆ ಅಡಿಗಡಿಗೆ ತಲುಪತೊಡಗಿತು. ಸಂಶಯದಿಂದ ಹಿಂದಿನ ಚಿತ್ರಗಳನ್ನು ತೆರೆದು ನೋಡಿದೆನು. ಹನ್ನೊಂದು ಗರಿಗಳ ಚಿತ್ರಗಳಲ್ಲಿ ಅಡ್ಡಡ್ಡ ಬಣ್ಣದ ಪಟ್ಟೆಗಳಿದ್ದುವು. ಅವುಗಳಲ್ಲಿ ಕೆಲವನ್ನು ಮೊದಲೇ ಕಂಡಿದ್ದೆನು. ಆಗ ಕ್ಯಾಮೆರಾದ ಕಾರ್ಡನ್ನು ಬೈದಿದ್ದೆನು.

ನನ್ನನ್ನು ಬಾಧಿಸಿದ್ದು ತಪ್ಪು ಊಹೆಯಲ್ಲ. ಊಹೆ ತಪ್ಪುವುದು ಮನುಷ್ಯಸಹಜ. ಆದರೆ ಆ ಹಳೆಯ ರ್‍ಯಾಮ್ ಒಮ್ಮೆಯಾದರೂ ನನ್ನ ಸಂಶಯಕ್ಕೆ ಏಕೆ ಪಾತ್ರವಾಗಲಿಲ್ಲ? ಅದು ಹೊಸದಕ್ಕಿಂತ ಸವೆದದ್ದು. ಅದರ ಪೂರ್ವೋತ್ತರವೇ ನನಗೆ ತಿಳಿಯದು. ಆದರೆ ಅದು ನನ್ನದಾಗಿತ್ತು. ಎರಡು ವರ್ಷ ನನ್ನ ಮೇಜಿನ ಮೇಲಿದ್ದುದರಿಂದ ಅದಕ್ಕೆ ನನ್ನ ಮನೆಯವರಿಗೆ ಸಲ್ಲುವ ವಿಶ್ವಾಸವು ಸಂದಿತ್ತು. ಹೊಸದು ಪರರದು; ಹುಡುಗನು ಪರನು. ಸ್ವತ್ವವು ಲೌಕಿಕವೆಂದರೆ ಲೋಕದ ಪಕ್ಷಪಾತವೂ ಅದರಲ್ಲಿ ಸೇರಿರುತ್ತದೆಯಷ್ಟೆ. ವಸ್ತುವಿನ ಗುಣವನ್ನು ನನ್ನದೆನ್ನುವಾಗ ಇಲ್ಲದ ಸಂಕೋಚವು ಅದರ ದೋಷವನ್ನು ನನ್ನದೆನ್ನುವಾಗ ಬರುತ್ತದೆ. ಯಂತ್ರವು ವೇಗವಾಗಿ ನಡೆದಾಗ "ನಾನು ಸರಿಪಡಿಸಿದ್ದು" ಎಂದು ಮಿತ್ರರಿಗೆ ತೋರಿಸಿದೆನು. ನಿಂತಾಗ "ಅವನು ಕೊಟ್ಟದ್ದು" ಎಂದೆನು. ಇಂಥ ಒಡೆತನವು ಪೂರ್ಣವಾದ ಒಡೆತನವೆಂದು ನನಗೆ ತೋರುವುದಿಲ್ಲ. ಮುಚ್ಚಿಬಿಟ್ಟ ಯಂತ್ರವಾಗಿದ್ದರೆ ನಾನು ಈ ಅನ್ಯಾಯವನ್ನು ಮಾಡುತ್ತಿರಲಿಲ್ಲ. ತಯಾರಕರ ಬಾಗಿಲಿಗೆ ಹೊತ್ತು ಹಾಕುತ್ತಿದ್ದೆನು. ಆದರೆ ನಿಜವನ್ನೂ ಕಾಣುತ್ತಿರಲಿಲ್ಲ. ತೆರೆಯುವ ಹಕ್ಕನ್ನು ಕೇಳತಕ್ಕವರು ಇದನ್ನೂ ಕೇಳಿಕೊಂಡಂತೆಯೇ ಎಂಬುದನ್ನು ನಾನು ಸಭೆಗಳಲ್ಲಿ ಹೇಳಿರಲಿಲ್ಲ.

ಇಲ್ಲೊಂದು ವಿಚಿತ್ರವನ್ನು ಹೇಳದಿರಲಾರೆ. ಇದೇ ಪಿ50ರಲ್ಲಿ ಝಿಯಾನ್ ಪ್ರೊಸೆಸರುಳ್ಳ ಮಾದರಿಯೂ ಇತ್ತು. ಅದಕ್ಕೆ ಇಸಿಸಿ ಎಂಬ ರ್‍ಯಾಮನ್ನು ಹಾಕಬಹುದು. ಸಾಮಾನ್ಯ ರ್‍ಯಾಮ್ ಕೊಟ್ಟದ್ದನ್ನು ನೆನಪಿಟ್ಟು ಹಿಂದಿರುಗಿಸುತ್ತದೆ. ನಡುವೆ ಒಂದು ಅಂಕೆ ಬದಲಾದರೆ ಬದಲಾದುದನ್ನೇ ಅದೇ ಧೈರ್ಯದಿಂದ ಹಿಂದಿರುಗಿಸುತ್ತದೆ. ಇಸಿಸಿಯಾದರೋ 64 ಬಿಟ್ಟುಗಳ ಪ್ರತಿಯೊಂದು ಮಾತಿನೊಡನೆ 8 ಬಿಟ್ಟುಗಳ ಸಾಕ್ಷಿಯನ್ನೂ ಇಟ್ಟುಕೊಳ್ಳುತ್ತದೆ. ಒಂದು ಬಿಟ್ಟು ಕೆಟ್ಟರೆ ತಾನೇ ತಿದ್ದಿಕೊಳ್ಳುತ್ತದೆ. ಎರಡು ಕೆಟ್ಟರೆ, ಇದು ನಂಬತಕ್ಕದ್ದಲ್ಲವೆಂದು ಹೇಳುತ್ತದೆ. ತನ್ನ ನೆನಪನ್ನು ತಾನೇ ಸಂಶಯಿಸುವುದಕ್ಕಾಗಿ ಎಂಟರಲ್ಲಿ ಒಂದು ಪಾಲಿನಷ್ಟು ಹೆಚ್ಚು ಸ್ಥಳವನ್ನು ಅದು ಕಟ್ಟಿಟ್ಟುಕೊಂಡಿದೆ. ನನ್ನ ಯಂತ್ರವು ಕೋರ್ ಐ7 ಉಳ್ಳದ್ದು. ಅದಕ್ಕೆ ಈ ಭಾಗ್ಯವಿಲ್ಲ. ಯಜಮಾನನಿಗೂ ಇರಲಿಲ್ಲ.

ವಿಂಡೋಸ್ 10ಕ್ಕೆ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರುಗಳ ಪಟ್ಟಿಯಲ್ಲಿ ನನ್ನದು ಇಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಮುದಿಯೆಂದು ಸಾರಿದ ಈ ಕ್ರಮವು ನನಗೆ ಸರಿದೋರದು. ಈಗ ಅದು ಲಿನಕ್ಸ್‌ನಲ್ಲಿ ನಡೆಯುತ್ತಿದೆ. ಈ ವಿಷಯದಲ್ಲಿ ನಾನು ಇನ್ನೂ ಕೋಪಿಷ್ಠನೇ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಕೂಗಲು ನಾಲಗೆ ಏಳುವುದಿಲ್ಲ.

ದೋಷವು ತಿಳಿದಮೇಲೂ ಅಂಗಡಿಗೆ ಹೋಗಲು ನನಗೆ ನಾಲ್ಕು ತಿಂಗಳು ಹಿಡಿದುವು. ಕೆಲಸವಿತ್ತೆಂದು ಹೇಳಬಹುದು, ಇರಲಿಲ್ಲ. ಹೋದಾಗ ಹುಡುಗನು ಅಲ್ಲಿರಲಿಲ್ಲ, ಮೈಸೂರಿನ ಬೇರೊಂದು ಅಂಗಡಿಗೆ ಸೇರಿದ್ದನು. ನಾನು ಹಿಂದಿರುಗಿಸಿದ ಆ ಎರಡು ರ್‍ಯಾಮ್‌ಗಳ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿದುಕೊಂಡುದಾಗಿ ಅಂಗಡಿಯವರು ಸಹಜವಾಗಿಯೇ ಹೇಳಿದರು. ಗಿರಾಕಿಯು ಕೆಟ್ಟದ್ದೆಂದಮೇಲೆ ಅದು ಕೆಟ್ಟದ್ದೇ, ಪರೀಕ್ಷಿಸುವ ವೇಳೆ ಯಾರಿಗಿದೆ? ಅವನ ದೂರವಾಣಿಯ ಸಂಖ್ಯೆಯನ್ನು ಪಡೆದು, ರಸ್ತೆಯ ಬದಿಯಲ್ಲಿ ನಿಂತೇ ಮಾತಾಡಿದೆನು. ನಾನು ಯಾರೆಂದು ಅವನಿಗೆ ಮೊದಲು ನೆನಪಾಗಲಿಲ್ಲ. ಬೈದದ್ದನ್ನು ಹೇಳಿದಮೇಲೆ ನೆನಪಾಯಿತು. ನಡೆದುದನ್ನೆಲ್ಲ ಹೇಳಿ ಕ್ಷಮೆ ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಸ್ಲಾಟಿನದು ಸಾರ್, ಮೇಲಿನದೋ ಕೀಲಿಮಣೆ ಕೆಳಗಿನದೋ?" ಎಂದು ಕೇಳಿದನು. ಕೀಲಿಮಣೆಯ ಕೆಳಗಿನದೆಂದೆನು. "ಅದನ್ನು ಯಾರೂ ಬಿಚ್ಚಿ ನೋಡೋದಿಲ್ಲ ಸಾರ್" ಎಂದನು. ಹಣವನ್ನು ಕಳುಹಿಸುವೆನೆಂದಾಗ ಬೇಡವೆಂದನು. ಎರಡನೆಯ ಸಲ ಕೇಳಿದಾಗ ಒಪ್ಪಿಕೊಂಡನು.