ಕತ್ತರಿಸುವ ಮೊದಲು

ಮನೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಟ್ಟಕ್ಕೆ ಹಾಕಬೇಕು, ಯಾವುದನ್ನು ಗುಜರಿಯವನಿಗೆ ಕೊಡಬೇಕು ಎಂಬ ತೀರ್ಮಾನ ಸಾಮಾನ್ಯವಾಗಿ ಹೆಂಗಸರದ್ದೇ. ಪಾತ್ರೆ, ಬಟ್ಟೆಗಳ ವಿಷಯದಲ್ಲಿ ಇದೇನೂ ಕಷ್ಟವಲ್ಲ. ಆದರೆ ಮನುಷ್ಯರ ವಿಷಯದಲ್ಲಿ? ಇವರು ಇರಲಿ, ಇವರು ಬೇಡ ಎನ್ನುವ ಹಕ್ಕು ನಮಗಿದೆಯೇ? ಐವತ್ತು ದಾಟಿದ ಮೇಲೆ ವಿಡಿಯೋ ಎಡಿಟಿಂಗ್ ಕಲಿಯಲು ಕುಳಿತ ನನಗೆ ಎದುರಾದದ್ದು ಈ ಪ್ರಶ್ನೆ.

ಪಿರಿಯಾಪಟ್ಟಣದ ಹತ್ತಿರದ ನಮ್ಮ ತವರುಮನೆಯ ಗೃಹಪ್ರವೇಶ 1998ರಲ್ಲಿ ನಡೆಯಿತು. ಕೆ.ಆರ್. ನಗರದಿಂದ ಬಂದಿದ್ದ ವಿಡಿಯೋದವನು ಮೂರು ಗಂಟೆ ಚಿತ್ರ ತೆಗೆದಿದ್ದ. ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿ, ಹಬ್ಬಕ್ಕೆ ಹೆಗ್ಗಡದೇವನಕೋಟೆಯಿಂದ ನೆಂಟರು ಬಂದಾಗ ತೋರಿಸಲು ಇಪ್ಪತ್ತು ನಿಮಿಷಕ್ಕೆ ಇಳಿಸಬೇಕೆಂದು ನನ್ನ ಆಸೆ. ಈಗ ವಿಸಿಆರ್ ಸಿಗುವುದೇ ಕಷ್ಟ. ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಹುಣಸೂರಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಸಿಕ್ಕಿತು. ಮೂರು ಗಂಟೆಯ ಕ್ಯಾಸೆಟ್ಟು ಇಳಿಯಲು ಮೂರು ಗಂಟೆಯೇ ಬೇಕು, ಅವಸರ ಮಾಡುವಂತಿಲ್ಲ.

ಕೆಲಸ ಕಲಿಯುವುದು ಹೆದರಿದಷ್ಟು ಕಷ್ಟವಾಗಲಿಲ್ಲ. ಇಡೀ ದಿನ ಪರದೆಯ ಮೇಲೆ ಒಂದು ಉದ್ದ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಸೆಕೆಂಡಿಗೆ 25 ಚಿತ್ರಗಳಂತೆ ಗಂಟೆಗೆ 90,000. ಎರಡು ಕಡೆ ಗುರುತು ಹಾಕಿ ನಡುವಿನದನ್ನು ತೆಗೆದರೆ ತುದಿಗಳು ಕೂಡಿಕೊಳ್ಳುತ್ತವೆ. ಚಿತ್ರ ಕತ್ತರಿಸಿದಲ್ಲಿ ಓಲಗದ ಸದ್ದನ್ನು ಕತ್ತರಿಸದೆ ಹಾಗೇ ಮುಂದುವರಿಸಿದರೆ, ಅಲ್ಲಿ ಏನೋ ಹೋಗಿದೆ ಎಂಬುದೂ ಯಾರಿಗೂ ತಿಳಿಯುವುದಿಲ್ಲ.

ಇದು ತಿಳಿದ ತಮ್ಮ ಫೋನು ಮಾಡಿದ. "ಅಕ್ಕಾ, ಅವಳಿರೋದನ್ನೆಲ್ಲ ತೆಗೆದುಬಿಡು. ಅಪ್ಪ ನಗೋದು ಮಾತ್ರ ಇರಲಿ." ಅವಳೆಂದರೆ ಅವನ ಮೊದಲ ಹೆಂಡತಿ. ಇಬ್ಬರೂ ಬೇರೆಯಾಗಿ ವರ್ಷಗಳಾದವು. ಅವನಿಗೆ ಮತ್ತೆ ಮದುವೆಯಾಗಿದೆ. ಈಗಿನ ಹೆಂಡತಿ ಒಳ್ಳೆಯವಳು. ನೆಂಟರೆದುರು ಅವಳಿಗೆ ಇರುಸುಮುರುಸಾಗಬಾರದು ಎಂಬ ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಆದರೆ ಅಪ್ಪ ನಕ್ಕದ್ದು ಯಾರನ್ನು ನೋಡಿ? ಪಂಕ್ತಿಯಲ್ಲಿ ಕುಳಿತ ಅಪ್ಪನ ಎಲೆಗೆ ಅವಳು ಪಾಯಸ ಬಡಿಸುತ್ತಾಳೆ. ಅಪ್ಪ ಕೈ ಅಡ್ಡ ಹಿಡಿದರೂ ಬಿಡದೆ ಇನ್ನೊಂದು ಸೌಟು ಹಾಕುತ್ತಾಳೆ. ಅಪ್ಪ ತಲೆಯೆತ್ತಿ ನಗುತ್ತಾರೆ. ಅಪ್ಪ ಈಗಿಲ್ಲ. ಅಷ್ಟು ಮನಸಾರೆ ನಕ್ಕದ್ದು ಕ್ಯಾಸೆಟ್ಟಿನಲ್ಲಿ ಬೇರೆಲ್ಲೂ ಇಲ್ಲ. ಅವಳನ್ನು ತೆಗೆದು ಪಕ್ಕಕ್ಕೆ ತಮ್ಮನ ಮುಖ ಜೋಡಿಸಿದರೆ ಅಪ್ಪ ಅವನನ್ನು ನೋಡಿ ನಕ್ಕಂತಾಗುತ್ತದೆ!

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಕುಲೆಶೊವ್ ಎಂಬ ಚಿತ್ರ ನಿರ್ದೇಶಕರು ತೋರಿಸಿಕೊಟ್ಟದ್ದು ಇದನ್ನೇ. ಒಬ್ಬ ನಟನ ಒಂದೇ ಮುಖಭಾವವನ್ನು ಸೂಪಿನ ಬಟ್ಟಲಿನ ಪಕ್ಕ ಜೋಡಿಸಿದರೆ ನೋಡುವವರಿಗೆ ಅದರಲ್ಲಿ ಹಸಿವು ಕಾಣುತ್ತದೆ. ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ದುಃಖ. ಒಂದೂ ಸುಳ್ಳು ಚಿತ್ರ ಸೇರಿಸದೆ ಸುಳ್ಳು ಹೇಳಬಹುದು.

ಇನ್ನೊಂದು ಮಾತೂ ಇತ್ತು. ಅವರಿಬ್ಬರಿಗೆ ಒಬ್ಬ ಮಗಳಿದ್ದಾಳೆ. ತಾಯಿಯ ಬಳಿ ಬೆಳೆದವಳು. ಅಪ್ಪ ಅಮ್ಮ ಒಂದೇ ಮನೆಯಲ್ಲಿ ನಗುನಗುತ್ತ ಓಡಾಡಿದ್ದನ್ನು ಅವಳು ನೋಡಬಹುದಾದದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ.

ಯೋಚಿಸಿ ಯೋಚಿಸಿ ಕೊನೆಗೆ ಅವಳಿಗೇ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಬ್ಬದ ದಿನ ತೋರಿಸೋದರಲ್ಲಿ ನಾನು ಬೇಡ ಅತ್ತಿಗೆ. ಈಗಿರೋ ಹುಡುಗಿಗೆ ಯಾಕೆ ಮುಜುಗರ? ಆದರೆ ಮಾವನವರಿಗೆ ಬಡಿಸಿದ್ದು ನಾನು. ಅದನ್ನ ಬೇರೆಯವರ ಲೆಕ್ಕಕ್ಕೆ ಹಾಕಬೇಡಿ. ಮಗಳಿಗೆ ಪೂರ್ತಿದು ಒಂದು ಕೊಡಿ."

ಆ ಮಾತಿನಂತೆ ನಡೆದೆ. ಚಿಕ್ಕ ಪ್ರತಿಯಲ್ಲಿ ಅವಳಿಲ್ಲ. ಅಪ್ಪನ ಆ ನಗುವೂ ಇಲ್ಲ. ತಮ್ಮನಿಗೆ ಬೇಸರವಾಯಿತು. ನನಗೇನು ಆಗಲಿಲ್ಲವೇ? ಆದರೂ ಬಡಿಸಿದವಳನ್ನು ಬಿಟ್ಟು ನಗುವನ್ನು ಮಾತ್ರ ಇಟ್ಟುಕೊಳ್ಳಲು ಕೈ ಬರಲಿಲ್ಲ.

ನಮ್ಮ ಕಡೆ ಬೇಯಿಸಿದ ಹೊಗೆಸೊಪ್ಪನ್ನು ಮನೆಮಂದಿಯೆಲ್ಲ ಕುಳಿತು ಬಣ್ಣ ನೋಡಿ ದರ್ಜೆ ಬಿಡಿಸುತ್ತಾರೆ. ಮೇಲಿನ ದರ್ಜೆಯದನ್ನು ಬೇರೆ ಇಟ್ಟರೆಂದು ಉಳಿದದ್ದನ್ನು ತಿಪ್ಪೆಗೆ ಸುರಿಯುವುದಿಲ್ಲ. ಅದೂ ಹರಾಜಿಗೆ ಹೋಗುತ್ತದೆ. ಆರಿಸುವುದು ಬೇರೆ, ಅಳಿಸುವುದು ಬೇರೆ. ಮೂರು ಗಂಟೆಯ ವಿಡಿಯೋವನ್ನು ಯಾರೂ ಕೂತು ನೋಡುವುದಿಲ್ಲವಾದ್ದರಿಂದ ಆರಿಸಲೇಬೇಕು. ಆದರೆ ಚಿತ್ರದಲ್ಲಿರುವ ಮುಖ ಯಾರದೋ, ಅವರ ಮಾತು ಮೊದಲು ನಡೆಯಬೇಕು. ಅತ್ತದ್ದನ್ನೋ ಸೋತದ್ದನ್ನೋ ತೋರಿಸಬೇಡಿ ಎಂದು ಅವರೇ ಕೇಳಿದರೆ ತೆಗೆಯುವುದು ಮರ್ಯಾದೆ. ನಮಗೆ ಬೇಡವಾದರೆಂದು ನಾವೇ ತೆಗೆದುಹಾಕಿದರೆ, ಅದು ಅವರ ಪಾಲಿನ ಒಂದು ದಿನವನ್ನು ಕಸಿದುಕೊಂಡಂತೆ.

ಈಗ ನಾನು ಎರಡು ಕ್ರಮ ಇಟ್ಟುಕೊಂಡಿದ್ದೇನೆ. ಮೂಲವನ್ನು ಮುಟ್ಟದೆ, ಎರಡು ಕಡೆ ಪ್ರತಿ ಮಾಡಿ ಇಡುತ್ತೇನೆ. ಚಿಕ್ಕದು ಮಾಡಿದ್ದರ ಮೊದಲಲ್ಲೇ 'ಆಯ್ದ ಭಾಗಗಳು' ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.