ಸಮದೃಷ್ಟಿಯೂ ವಿಶೇಷ ಪಾಲನೆಯೂ

ಎಲ್ಲರನ್ನೂ ಸಮಾನವಾಗಿ ಕಾಣಬೇಕೆಂಬುದು ನೀತಿಯ ಮೊದಲ ಮಾತು. ಆದರೆ ರೋಗಿಗೂ ನಿರೋಗಿಗೂ ಒಂದೇ ಊಟವನ್ನು ಬಡಿಸುವುದು ಸಮದೃಷ್ಟಿಯೆನಿಸದು. ಅಗತ್ಯವನ್ನರಿತು ಮಾಡುವ ಭೇದವು ಯಾವಾಗ ಧರ್ಮ, ಯಾವಾಗ ಅಧರ್ಮ? ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕದ ಆರೋಗ್ಯ ವ್ಯವಸ್ಥೆಯೊಂದು ತಕ್ಕ ನಿದರ್ಶನವಾಗಿದೆ.

ಆ ದೇಶದಲ್ಲಿ 1965ರಲ್ಲಿ ಒಂದೇ ಶಾಸನದಿಂದ ಎರಡು ಯೋಜನೆಗಳು ಹುಟ್ಟಿದವು. ಕೇಂದ್ರ ಸರಕಾರದ ಮೆಡಿಕೇರ್ ಮುಖ್ಯವಾಗಿ 65 ವರ್ಷ ತುಂಬಿದವರಿಗಾಗಿ. ಕೇಂದ್ರವೂ ರಾಜ್ಯಗಳೂ ಕೂಡಿ ನಡೆಸುವ ಮೆಡಿಕೇಡ್ ಬಡವರಿಗಾಗಿ. ಅಂಗವೈಕಲ್ಯವುಳ್ಳ ಅನೇಕರಿಗೂ ಮೆಡಿಕೇರ್ ಅನಂತರ ದೊರೆಯಿತು. ವೃದ್ಧಾಪ್ಯ ಅಥವಾ ಅಂಗವೈಕಲ್ಯದೊಡನೆ ಬಡತನವೂ ಕೂಡಿಬಂದವರು ಎರಡಕ್ಕೂ ಅರ್ಹರು. ಇಂಥವರ ಸಂಖ್ಯೆ ಇಂದು ಒಂದು ಕೋಟಿಯನ್ನು ಮೀರಿದೆ. ಆಸ್ಪತ್ರೆಯ ವೆಚ್ಚವನ್ನು ಒಂದು ಯೋಜನೆ ಭರಿಸಿದರೆ ದೀರ್ಘಕಾಲದ ಶುಶ್ರೂಷೆಯನ್ನು ಇನ್ನೊಂದು ಭರಿಸುತ್ತದೆ. ನಿಯಮಗಳು ಬೇರೆ, ಕಾಗದಪತ್ರಗಳೂ ಬೇರೆ. ಎರಡು ಆಸರೆಗಳಿದ್ದೂ, ಅವುಗಳ ನಡುವೆ ಅಲೆಯುವ ಹೊರೆ ಅತ್ಯಂತ ದುರ್ಬಲರ ಮೇಲೆಯೇ ಬಿದ್ದಿತು.

ಈ ಕೊರತೆಯನ್ನು ನೀಗಲು 2003ರ ಶಾಸನವು ವಿಶೇಷ ಅಗತ್ಯದ ಯೋಜನೆಗಳಿಗೆ ಅವಕಾಶವಿತ್ತಿತು. 2018ರಲ್ಲಿ ಅವು ಶಾಶ್ವತವಾದವು. ಖಾಸಗಿ ವಿಮಾ ಸಂಸ್ಥೆಗಳು ನಡೆಸುವ ಇವುಗಳಲ್ಲಿ ಎರಡು ಯೋಜನೆಗಳಿಗೂ ಅರ್ಹರಾದವರು, ತೀವ್ರ ಹೃದ್ರೋಗ ಮಧುಮೇಹಾದಿ ದೀರ್ಘವ್ಯಾಧಿಗಳಿಂದ ಬಳಲುವವರು, ಶುಶ್ರೂಷಾಲಯಗಳಲ್ಲಿ ಇರುವಂಥವರು ಎಂದು ಮೂರು ವರ್ಗಗಳಿವೆ. ಸೇರಿದ 90 ದಿನಗಳೊಳಗೆ ಸದಸ್ಯನ ಆರೋಗ್ಯಸ್ಥಿತಿಯನ್ನು ಅಳೆಯಬೇಕು. ಆತನಿಗೆಂದೇ ಪಾಲನಾಕ್ರಮವನ್ನು ರೂಪಿಸಬೇಕು. ವಿವಿಧ ತಜ್ಞರ ತಂಡವು ಅದನ್ನು ನೋಡಿಕೊಳ್ಳಬೇಕು. ಭೇದವೆಣಿಸಿದ್ದು ದೂರವಿಡುವುದಕ್ಕಲ್ಲ, ಹತ್ತಿರದಿಂದ ನೋಡುವುದಕ್ಕೆ ಎಂಬುದೇ ಇದರ ನ್ಯಾಯ.

ಆದರೆ ತೊಡಕೂ ಇಲ್ಲಿಯೇ ಇದೆ. ಸಂಸ್ಥೆಗೆ ಸರಕಾರವು ಪ್ರತಿ ಸದಸ್ಯನಿಗೆ ತಿಂಗಳಿಗಿಷ್ಟೆಂದು ನಿಶ್ಚಿತ ಮೊತ್ತ ಕೊಡುತ್ತದೆ. ರೋಗ ಹೆಚ್ಚಿದ್ದಲ್ಲಿ ಮೊತ್ತವೂ ಹೆಚ್ಚು. ಅತಿ ಕಷ್ಟದಲ್ಲಿರುವವರನ್ನು ಸೇರಿಸಿಕೊಳ್ಳಲು ಇದು ಧೈರ್ಯ ಕೊಡುತ್ತದೆ. ಹಾಗೆಯೇ, ರೋಗವನ್ನು ಲೆಕ್ಕದಲ್ಲಿ ಹಿಗ್ಗಿಸಿ ಚಿಕಿತ್ಸೆಯನ್ನು ಕುಗ್ಗಿಸುವ ಲೋಭಕ್ಕೂ ಎಡೆಗೊಡುತ್ತದೆ. ಪೂರ್ವಾನುಮತಿಯ ನಿಯಮವಾಗಲಿ, ಗೊತ್ತುಪಡಿಸಿದ ವೈದ್ಯರ ಪಟ್ಟಿಯಾಗಲಿ ವಿವೇಕದಿಂದ ಬಳಸಿದರೆ ಮಿತವ್ಯಯ; ಇಲ್ಲವಾದರೆ ನಯವಾದ ನಿರಾಕರಣೆ.

ಆದುದರಿಂದ ಭೇದದ ಯೋಗ್ಯತೆಯನ್ನು ಅದರ ಹೆಸರಿನಿಂದ ನಿರ್ಣಯಿಸಲಾಗದು. ರೋಗಿಯ ರೋಗವನ್ನು ಎಣಿಸಿ ಹಣ ಪಡೆದವರು ಅದೇ ರೋಗಕ್ಕೆ ಮಾಡಿದ ಸೇವೆಯನ್ನೂ ಎಣಿಸಿ ತೋರಿಸಬೇಕು. ಒಗ್ಗದ ಯೋಜನೆಯನ್ನು ಬಿಡುವ ಸ್ವಾತಂತ್ರ್ಯವೂ ರೋಗಿಗಿರಬೇಕು. ಎರಡಕ್ಕೂ ಅರ್ಹರಾದವರು ಯಾವ ತಿಂಗಳಿನಲ್ಲಾದರೂ ಮೂಲ ಮೆಡಿಕೇರಿಗೆ ಮರಳಲು 2025ರಿಂದ ಅವಕಾಶ ಕಲ್ಪಿಸಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಮಕ್ಕಳೊಡನೆ ಅಲ್ಲಿಯೇ ನೆಲಸಿ ಅರ್ಹತೆ ಪಡೆದ ಕನ್ನಡನಾಡಿನ ಹಿರಿಯರ ಮನೆಯವರೂ ಸಹಿ ಹಾಕಿಸುವ ಮುನ್ನ ಕೇಳಬೇಕಾದದ್ದು ಇಷ್ಟೇ: ಈಗ ನೋಡುತ್ತಿರುವ ವೈದ್ಯರು ಉಳಿಯುವರೇ, ಸೇವಿಸುತ್ತಿರುವ ಔಷಧಿಗಳು ದೊರೆಯುವುವೇ, ತೊಂದರೆಯಾದಾಗ ಹೊಣೆಹೊತ್ತು ಉತ್ತರಿಸುವವರು ಯಾರು?