ಗೋಡೆ ತಡೆಯುವುದು ಯಾರನ್ನು?

ಸಂಪತ್ತು ಹೆಚ್ಚಿದ ಮನೆಯಲ್ಲಿ ಬೀಗಗಳೂ ಹೆಚ್ಚುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಅಂಗಡಿಗೆ ಬೀಗ ಹಾಕದೆ ಹೋದ ವ್ಯಾಪಾರಿಯನ್ನು ಲೋಕವು ತ್ಯಾಗಿ ಎನ್ನುವುದಿಲ್ಲ, ಮೈಮರೆತವನೆನ್ನುತ್ತದೆ. ಆದರೆ ರಕ್ಷಣೆ ಎಲ್ಲಿ ಮುಗಿದು ಆಡಂಬರ ಎಲ್ಲಿ ಆರಂಭವಾಗುತ್ತದೆ, ಕಟ್ಟಿದ ಗೋಡೆ ನಿಜವಾಗಿ ಯಾರನ್ನು ತಡೆಯುತ್ತದೆ ಎಂಬುದು ಗೃಹಸ್ಥನಾದವನು ವಿಚಾರಿಸತಕ್ಕ ಪ್ರಶ್ನೆ. ಇದಕ್ಕೊಂದು ಸಾಕ್ಷಿ ದೂರದ ಇಂಗ್ಲೆಂಡಿನಲ್ಲಿ, ಲೆಸ್ಟರ್ ನಗರದ ಪಶ್ಚಿಮಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ, ಕರ್ಬಿ ಮಕ್ಸ್‌ಲೋ ಎಂಬ ಊರಿನಲ್ಲಿ ಪಾಳುಬಿದ್ದು ನಿಂತಿದೆ.

ಅದು ಕೆಂಪು ಇಟ್ಟಿಗೆಯ ಕೋಟೆಮನೆ. ಗಡಿನಾಡಿನ ಜನ ವಾಡೆ ಎನ್ನುವಂಥದು. ಕಟ್ಟಿಸಿದವನು ವಿಲಿಯಂ ಹೇಸ್ಟಿಂಗ್ಸ್ ಎಂಬ ಸರದಾರ, ನಾಲ್ಕನೆಯ ಎಡ್ವರ್ಡ್ ದೊರೆಯ ಪರಮಾಪ್ತ. ಮನೆಯನ್ನು ಕೋಟೆಯಾಗಿಸಲು 1474ರಲ್ಲಿ ಅರಸನ ಅಪ್ಪಣೆ ದೊರೆಯಿತು. 1480ರಲ್ಲಿ ಕೆಲಸ ಆರಂಭವಾಯಿತು. ಸುತ್ತಲೂ ನೀರು ತುಂಬಿದ ಕಂದಕ, ಎತ್ತಿ ಇಳಿಸುವ ಸೇತುವೆ, ಬುರುಜುಗಳು, ಗೋಡೆಯಲ್ಲಿ ತೋಪು ಹಾರಿಸುವ ಕಿಂಡಿಗಳು. ಇಷ್ಟಕ್ಕೂ ತೃಪ್ತಿಯಾಗದೆ, ಕೆಂಪು ಗೋಡೆಯ ನಡುವೆ ಕಪ್ಪು ಇಟ್ಟಿಗೆ ಜೋಡಿಸಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಮನೆತನದ ಲಾಂಛನವನ್ನೂ ಮೂಡಿಸಿದನು. ಶತ್ರುವನ್ನು ತಡೆಯಲು ಅಕ್ಷರಗಳ ಅಗತ್ಯವೇನಿತ್ತು?

1483ರ ಏಪ್ರಿಲ್‌ನಲ್ಲಿ ಎಡ್ವರ್ಡ್ ತೀರಿಕೊಂಡನು. ಬಾಲರಾಜನ ಪಾಲಕನಾಗಲು ದೊರೆಯ ತಮ್ಮ ರಿಚರ್ಡನಿಗೆ ಹೇಸ್ಟಿಂಗ್ಸನೇ ನೆರವಾದನು. ಅದೇ ರಿಚರ್ಡ್ ಜೂನ್ 13ರಂದು ಅವನನ್ನು ಲಂಡನ್ ಟವರ್ ಎಂಬ ರಾಜದುರ್ಗಕ್ಕೆ ಮಂತ್ರಾಲೋಚನೆಗೆಂದು ಕರೆಸಿ, ದ್ರೋಹದ ಆರೋಪ ಹೊರಿಸಿ, ವಿಚಾರಣೆಯಿಲ್ಲದೆಯೇ ತಲೆ ಕಡಿಸಿದನು. ಕಂದಕ ಒಂದು ಕಡೆ, ಮೃತ್ಯು ಇನ್ನೊಂದು ಕಡೆ. ಗೋಡೆಯು ಅಪರಿಚಿತನನ್ನಷ್ಟೇ ತಡೆಯಬಲ್ಲುದು. ಜೊತೆಯಲ್ಲಿ ಕುಳಿತವನಿಗೆ ಅದು ಅಡ್ಡಿಯೇ ಅಲ್ಲ.

ಹಾಗೆಂದು ಗೋಡೆಯನ್ನೇ ದೂರಿದರೆ ಅವಸರದ ತೀರ್ಪಾದೀತು. ಹೇಸ್ಟಿಂಗ್ಸನಿಗೆ ಆಶ್ಬಿ ಎಂಬಲ್ಲಿ ಆಗಲೇ ಇನ್ನೊಂದು ದೊಡ್ಡ ಮನೆಯಿತ್ತು. ಅದು 1461ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ಬೇರೊಬ್ಬ ಸರದಾರನ ಆಸ್ತಿ. ಮುಟ್ಟುಗೋಲಾಗಿ, ಆಮೇಲೆ ಅರಸನ ಕೃಪೆಯಿಂದ ಇವನ ಕೈಗೆ ಬಂದದ್ದು. ಒಬ್ಬನ ತಲೆಯುರುಳಿದಲ್ಲಿಂದ ಬಂದ ಐಶ್ವರ್ಯಕ್ಕೆ ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಗತಿ. ಪರಿಗ್ರಹ ಎಷ್ಟು ಎಂದು ಕೇಳುವವರು ಬಹಳ, ಎಲ್ಲಿಂದ ಬಂತು ಎಂದು ಕೇಳುವವರು ವಿರಳ. ಸಂಪತ್ತು ಕೊಟ್ಟ ದರ್ಬಾರಿನಲ್ಲಿಯೇ ಕೊಲ್ಲುವವನೂ ಇದ್ದನು. ಅದಕ್ಕೆ ಯಾವ ಇಟ್ಟಿಗೆಯಿಂದ ಗೋಡೆ ಕಟ್ಟಬೇಕು?

ರಿಚರ್ಡನಾದರೂ ಉಳಿದನೇ ಎಂದರೆ ಅದೂ ಇಲ್ಲ. ಸಿಂಹಾಸನವೇರಿ ಎರಡೇ ವರ್ಷ. 1485ರಲ್ಲಿ ಬಾಸ್ವರ್ತ್ ರಣರಂಗದಲ್ಲಿ ಮಡಿದನು. ಅವನ ಎಲುಬುಗಳು 2012ರಲ್ಲಿ ಸಿಕ್ಕಿದ್ದು ಇದೇ ಲೆಸ್ಟರ್ ನಗರದಲ್ಲಿ, ಮೋಟಾರು ನಿಲ್ಲಿಸುವ ಜಾಗದ ಕೆಳಗೆ.

ಈ ಕಟ್ಟಡದ ಜಮಾಖರ್ಚಿನ ವಹಿಗಳು ಇಂದಿಗೂ ಉಳಿದಿವೆ. ಗೌಂಡಿಗಳಿಗೂ ಕೂಲಿಯವರಿಗೂ ಸಂದ ಹಣ ಅವುಗಳಲ್ಲಿ ವಾರವಾರಕ್ಕೆ ಬರೆಯಲ್ಪಟ್ಟಿದೆ. ಯಜಮಾನನ ಮರಣದ ನಂತರ ಬಹುಮಂದಿ ಕೆಲಸಗಾರರು ಹೊರಟುಹೋದರು. ಆದರೂ ಅವನ ವಿಧವೆ ಕ್ಯಾಥರೀನ್, ಉಳಿದವರನ್ನಿಟ್ಟುಕೊಂಡು 1484ರವರೆಗೆ ಸಣ್ಣ ಪ್ರಮಾಣದಲ್ಲಿ ಕೆಲಸ ನಡೆಸಿದಳು. ಅದು ಗಂಡನ ಆಸೆಯ ಮುಂದುವರಿಕೆಯೋ, ಹಿಡಿದ ಕೆಲಸವನ್ನು ಕೈಬಿಡಬಾರದೆಂಬ ಬುದ್ಧಿಯೋ, ವಹಿಯಲ್ಲಿ ಬರೆದಿಲ್ಲ. ಪಶ್ಚಿಮದ ಬುರುಜೊಂದು ಬಹುಮಟ್ಟಿಗೆ ಎದ್ದಿತು. ಹೆಬ್ಬಾಗಿಲು ಅರ್ಧಕ್ಕೇ ನಿಂತಿತು. ಕಪ್ಪು ಇಟ್ಟಿಗೆಯ ಅಕ್ಷರಗಳು ಅದರ ಗೋಡೆಯ ಮೇಲೆ ಈಗಲೂ ಇವೆ.